ಮಡಚುವ ರೆಕ್ಕೆ: ಎರಡು ಪಿನ್ ಸಾಕೇ?

ಗಾಳಿಗುದುರೆ: ಮನೆಯಲ್ಲೇ ಕಟ್ಟೋಕೆ ಎರಡು ಸೀಟಿನ ವಿಮಾನದ ಡ್ರಾಯಿಂಗ್ ಮಾಡ್ತಿದ್ದೀನಿ. ಲೋ ವಿಂಗ್ (ರೆಕ್ಕೆ ವಿಮಾನದ ಮೈಯ ಕೆಳಭಾಗದಲ್ಲಿ), ಸ್ಟ್ರಟ್ ಅಂದ್ರೆ ರೆಕ್ಕೆಗೆ ಆಧಾರ ಕೊಡೋ ಓರೆ ಕಂಬಿ ಇಲ್ಲ, ತುಂಬಿದ ತೂಕ 450 ಕೆಜಿ. ಶೆಡ್ಡಿನೊಳಗೆ ಹೋಗಬೇಕಾದ್ರೆ ರೆಕ್ಕೆ ಹಿಂದಕ್ಕೆ ಮಡಚಲೇಬೇಕು. ಬುಡದಲ್ಲಿ ಒಂದು ಕೀಲು, ಸ್ಪಾರ್‌ಗೆ (ರೆಕ್ಕೆಯ ಉದ್ದಕ್ಕೂ ಹೋಗೋ ಮುಖ್ಯ ತೊಲೆ) ಮೇಲೊಂದು ಕೆಳಗೊಂದು ಪಿನ್. ಸಾಕಲ್ವಾ?

ಸ್ಪಾರ್ ಶಾಸ್ತ್ರಿ: ಲೆಕ್ಕ ಹಾಕಿ ನೋಡಿ ಸಾರ್. ಒಂದು ರೆಕ್ಕೆಯ ಪಾಲು 225 ಕೆಜಿ, 4 ಜಿ ಅಂದ್ರೆ ಅದರ ನಾಲ್ಕು ಪಟ್ಟು, 900. ಲಿಫ್ಟ್‌ನ ಕೇಂದ್ರ ಬುಡದಿಂದ 2 ಮೀಟರ್ ಆಚೆ ಅಂದುಕೊಳ್ಳಿ, ಪಿನ್‌ಗಳ ನಡುವೆ 15 ಸೆಂ.ಮೀ. ಒಂದೊಂದು ಪಿನ್ ಮೇಲೆ 12 ಟನ್ ಬೀಳುತ್ತೆ! 1.5ರ ಸುರಕ್ಷಾ ಅಂಶ ಸೇರಿಸಿದ್ರೆ 18. ಅರ್ಧ ಇಂಚಿನ ಎಎನ್ ಬೋಲ್ಟ್ (ವಿಮಾನಕ್ಕೆ ಬಳಸೋದು) ಡಬಲ್ ಶಿಯರ್‌ನಲ್ಲಿ, ಅಂದ್ರೆ ಎರಡು ಕಡೆ ಕತ್ತರಿಸೋ ಬಲ ಬಿದ್ದಾಗ, 13 ಟನ್ ಚಿಲ್ಲರೆಗೇ ಕೈ ಎತ್ತುತ್ತೆ. ಬೋಲ್ಟ್ ದಪ್ಪ ಮಾಡಬಹುದು ಬಿಡಿ, ಅಲ್ಯೂಮಿನಿಯಂ ತೂತಿನ ಗತಿ? ಪ್ರತಿ ಸಲ ಪಿನ್ ಎಳೆದು ತುರುಕಿದಾಗ ಒಂದಿಷ್ಟು ಸವೆದು ತೂತು ಮೊಟ್ಟೆಯಾಕಾರ ಆಗುತ್ತೆ. ತೂತಿನೊಳಗೆ ಸ್ಟೀಲ್ ಬುಷ್ (ಕೊಳವೆ) ಹಾಕದೆ ಆ ಕಡೆ ಹೋಗಲೇಬೇಡಿ.

ಹೈವಿಂಗ್ ಹನುಮ: ಅದಕ್ಕೇ ಹೇಳೋದು, ಹೈ ವಿಂಗ್ ಮಾಡಿ ಸ್ಟ್ರಟ್ ಕೊಡಿ ಅಂತ. ಅದೇ 900 ಕೆಜಿಯನ್ನ 30 ಡಿಗ್ರಿ ಓರೆಯ ಸ್ಟ್ರಟ್ ಹೊತ್ತರೆ ಎಳೆತ 1.8 ಟನ್ ಅಷ್ಟೇ. ಬುಡದ ಪಿನ್‌ಗೆ ಬಾಗಿಸುವ ಬಲ ಹೆಚ್ಚುಕಡಿಮೆ ಇರೋದೇ ಇಲ್ಲ. ಕಿಟ್‌ಫಾಕ್ಸ್, ಏವಿಡ್ ಫ್ಲೈಯರ್ ಎರಡೂ ಕಿಟ್ ವಿಮಾನಗಳು ಹೀಗೇ: ಮುಂದಿನ ಸ್ಪಾರ್‌ನ ಪಿನ್ ಕೀಳು, ಹಿಂದಿನ ಸ್ಪಾರ್ ಮೇಲೆ ತಿರುಗಿಸು. ಒಂದೇ ಷರತ್ತು, ಸ್ಟ್ರಟ್‌ನ ಕೆಳಗಿನ ಕೀಲೂ ಹಿಂದಿನ ಸ್ಪಾರ್‌ನ ಕೀಲೂ ಒಂದೇ ಅಕ್ಷದಲ್ಲಿರಬೇಕು. ತಪ್ಪಿದ್ರೆ ಅರ್ಧ ದಾರೀಲಿ ಬಿಗಿದುಕೊಳ್ಳುತ್ತೆ. ಆ ಅಕ್ಷ ಓರೆಯಾಗಿದ್ರೆ ಮಡಚುತ್ತಾ ಹೋದ ಹಾಗೆ ರೆಕ್ಕೆ ತುದಿ ಏರುತ್ತೆ ಇಲ್ಲಾ ಇಳಿಯುತ್ತೆ.

ಗಾಳಿಗುದುರೆ: ಹೈ ವಿಂಗ್ ಬೇಡ ಮಾರಾಯ್ರೇ, ತಿರುವಿನಲ್ಲಿ ಒಳಗಡೆ ಏನೂ ಕಾಣಲ್ಲ.

ಹಳೇ ಪ್ರೊಪೆಲರ್: ಲೋ ವಿಂಗ್‌ಗೆ ಇನ್ನೊಂದು ತಾಪತ್ರಯ ಇದೆ. ನೇರ ಹಿಂದಕ್ಕೆ ತಿರುಗಿಸಿದ್ರೆ ಬಾಲದ ಸ್ಟೆಬಿಲೈಸರ್‌ಗೆ ಬಡಿಯಬಹುದು. ಗ್ರಮ್ಮನ್ ಕಂಪನಿ ವೈಲ್ಡ್‌ಕ್ಯಾಟ್ ಯುದ್ಧವಿಮಾನದ ಎಫ್4ಎಫ್-4 ಮಾದರಿಗೆ ಕೀಲನ್ನೇ ಓರೆಯಾಗಿಟ್ಟಿತು, ರೆಕ್ಕೆ ತಿರುಚಿಕೊಂಡು ಲಂಬವಾಗಿ ಮೈಗೆ ಒರಗುತ್ತೆ. ಆ ಕೋನ ಹುಡುಕೋಕೆ ಲೆರಾಯ್ ಗ್ರಮ್ಮನ್ ರಬ್ಬರಿಗೆ ಪೇಪರ್ ಕ್ಲಿಪ್ ಚುಚ್ಚಿ ನೋಡಿದ್ರಂತೆ. ನೀವೂ ಕ್ಯಾಡ್ ತೆರೆಯೋ ಮೊದಲು ರಟ್ಟಿನ ಮಾದರಿ ಮಾಡಿ. ಹಾಗೇ 1925ರ ಡಿ ಹ್ಯಾವಿಲೆಂಡ್ ಮಾತ್ ವಿಮಾನ ನೋಡಿ: ಮಡಚುವಾಗ ಬುಡದ ಹತ್ರ ಮೇಲಿನ, ಕೆಳಗಿನ ರೆಕ್ಕೆಗಳ ನಡುವೆ ಜೂರಿ ಸ್ಟ್ರಟ್ ಅನ್ನೋ ತಾತ್ಕಾಲಿಕ ಆಧಾರದ ಕಂಬಿ ಸಿಕ್ಕಿಸ್ತಿದ್ರು. ಮಡಚಿದ ರೆಕ್ಕೆಗೂ ಆಧಾರ ಬೇಕು. ಟ್ರೇಲರ್ ಮೇಲೆ ಗುಂಡಿ ಹಾರಿದಾಗ ಭಾರ ಕೆಳಮುಖ, ಅದೂ ಒಂದೇ ಕೀಲಿನ ಮೇಲೆ. ಇದನ್ನ ಯಾರೂ ಲೆಕ್ಕಕ್ಕೇ ಹಿಡಿಯಲ್ಲ.

ಚೆಕ್‌ಲಿಸ್ಟ್ ಚಿನ್ನಿ: ನೀವೆಲ್ಲ ಸ್ಪಾರ್ ಸ್ಪಾರ್ ಅಂತಿದ್ದೀರಿ, ಐಲೆರಾನ್ (ವಿಮಾನ ವಾಲಿಸೋ, ರೆಕ್ಕೆಯ ಹಿಂದಂಚಿನ ಪಟ್ಟಿ)? ಅದನ್ನ ಆಡಿಸೋ ಪುಶ್‌ರಾಡ್ ಸಿಕ್ಕಿಸದೆ ಟೇಕಾಫ್ ಮಾಡಿ ಸತ್ತ ಗ್ಲೈಡರ್ ಪೈಲಟ್‌ಗಳಿದ್ದಾರೆ. ರೆಕ್ಕೆ ಕೂತ ಕೂಡಲೇ ತಾನಾಗಿಯೇ ಕೂಡಿಕೊಳ್ಳೋ ಜೋಡಣೆನೇ ಆಗಬೇಕು, ಯೂರೋಪಾ ಅನ್ನೋ ಕಿಟ್ ವಿಮಾನದಲ್ಲಿ ಇರೋ ಹಾಗೆ.

ಸ್ಪಾರ್ ಶಾಸ್ತ್ರಿ: ನಾನು ಒಪ್ಪಲ್ಲಮ್ಮ. ತಾನಾಗಿ ಕೂಡಿದ್ದು ನಿಜವಾಗ್ಲೂ ಕೂಡಿದೆಯಾ ಅಂತ ಕಣ್ಣಿಗೆ ಕಾಣಲ್ಲ. ಕ್ಯಾಸಲ್ ನಟ್ (ಗಾಡಿ ಇರೋ ನಟ್), ಅದು ಬಿಚ್ಚದ ಹಾಗೆ ಸ್ಪ್ಲಿಟ್ ಪಿನ್ ಹಾಕಿದ್ರೆ ಕಾಣುತ್ತೆ.

ಚೆಕ್‌ಲಿಸ್ಟ್ ಚಿನ್ನಿ: ಕತ್ತಲಾಗ್ತಿರುತ್ತೆ, ಪಕ್ಕದಲ್ಲಿ ಯಾರೋ ಮಾತಾಡಿಸ್ತಿರ್ತಾರೆ. ಆಗ ಸ್ಪ್ಲಿಟ್ ಪಿನ್ ಹಾಕೋದೇ ಮರೆತುಹೋಗೋದು ಸಾರ್. ಕಿಂಡಿ ಇಟ್ಟು ನೋಡಿದ್ರಾಯ್ತು.

ಹಳೇ ಪ್ರೊಪೆಲರ್: ಎರಡೂ ಇರಲಿ. ಜೊತೆಗೆ, ಪಿನ್ ಪೂರ್ತಿ ಒಳಗೆ ಹೋಗದಿದ್ರೆ ಬುಡದ ಫೇರಿಂಗ್ (ಸಂದಿಯ ಮೇಲಿನ ಹೊದಿಕೆ) ಮುಚ್ಚೋಕೇ ಆಗಬಾರದು, ಹಾಗೆ ಮಾಡಿ.

ಗಾಳಿಗುದುರೆ: ಫೇರಿಂಗ್ ಐಡಿಯಾ ತಗೊಂಡೆ. 18 ಟನ್ ನೋಡಿದ ಮೇಲೆ ಬುಡದಲ್ಲಿ ಮಡಚೋ ಆಸೆ ಬಿಟ್ಟೆ. ನಡುಭಾಗವನ್ನ ಮೈಗೇ ಕಟ್ಟಿ, ಒಂದೂಕಾಲು ಮೀಟರ್ ಆಚೆ ಕೀಲಿಟ್ಟು ಹೊರಭಾಗ ಮಾತ್ರ ಮೇಲಕ್ಕೆ ಮಡಚಿದ್ರೆ? ಅಲ್ಲಿ ಬಾಗಿಸುವ ಬಲ ಅರ್ಧಕ್ಕೂ ಕಡಿಮೆ ತಾನೇ?

ಸ್ಪಾರ್ ಶಾಸ್ತ್ರಿ: ಅರ್ಧದ ಆಸುಪಾಸು ಇರುತ್ತೆ. ಆದ್ರೆ ರೆಕ್ಕೆ ತುದಿಯ ಕಡೆ ಸಣ್ಣದಾಗ್ತಾ ಹೋದ್ರೆ ಸ್ಪಾರ್‌ನ ಎತ್ತರವೂ ಅಲ್ಲಿ ಕಮ್ಮಿ, ಪಿನ್ ಮೇಲಿನ ಭಾರ ಅಷ್ಟೊಂದು ಇಳಿಯಲ್ಲ. ಡ್ರಾಯಿಂಗ್ ಹಾಕಿ, ನೋಡೋಣ.