ಸಹಾಯ ಬೇಕು: ಲೆಕ್ಕ ತಪ್ಪಿದರೂ ಕೈಗೆ ಪೆಟ್ಟಾಗದ ಮೊಳೆ-ಕಪ್ ಆಟ

ಎಲ್ಲರಿಗೂ ನಮಸ್ಕಾರ. ನಾನು ಹವ್ಯಾಸಕ್ಕೆ ಜಾದೂ ಮಾಡುವವನು. ಮನಸ್ಸು ಓದುವ ಆಟಗಳೆಂದರೆ ಪ್ರಾಣ. ಈಗ ಮೊಳೆ-ಕಪ್ ಆಟ ಕಲಿಯುತ್ತಿದ್ದೇನೆ. ಮರದ ತುಂಡಿನ ಮೇಲೆ ನೆಟ್ಟಗೆ ನಿಂತ ಉದ್ದನೆಯ ಮೊಳೆ, ಅದನ್ನು ಮುಚ್ಚಿದ ಪೇಪರ್ ಕಪ್, ಪಕ್ಕದಲ್ಲಿ ಮೂರು ಖಾಲಿ ಕಪ್. ನಾನು ಬೆನ್ನು ತಿರುಗಿಸಿದಾಗ ಪ್ರೇಕ್ಷಕರು ಜಾಗ ಬದಲಿಸುತ್ತಾರೆ. ಆಮೇಲೆ ಮೊಳೆ ಇರುವ ಕಪ್ ಬಿಟ್ಟು ಉಳಿದವನ್ನು ಅಂಗೈಯಿಂದ ಒಂದೊಂದಾಗಿ ಅಪ್ಪಳಿಸಬೇಕು.

ಮೊಳೆ ಎಲ್ಲಿದೆ ಎಂದು ತಿಳಿಯುವ ಗುಟ್ಟು ಇಲ್ಲಿ ಕೇಳುತ್ತಿಲ್ಲ. ನನಗೆ ಭಯ ಇರುವುದು ಗುಟ್ಟಿನ ಮೇಲೇ ಪೂರ್ತಿ ನಂಬಿಕೆ ಇಡುವುದರ ಬಗ್ಗೆ. ಜಾದೂಗಾರ ಚುಂಗ್ ಲಿಂಗ್ ಸೂ, ಬಂದೂಕಿನಿಂದ ಹಾರಿಸಿದ ಗುಂಡು ಹಿಡಿಯುವ ಆಟವನ್ನು ವರ್ಷಗಟ್ಟಲೆ ಮಾಡಿದ್ದವರು. 1918ರಲ್ಲಿ ಲಂಡನ್ನಿನ ವೇದಿಕೆಯಲ್ಲಿ ಬಂದೂಕಿನೊಳಗಿನ ವ್ಯವಸ್ಥೆ ಕೈಕೊಟ್ಟು ಪ್ರಾಣವೇ ಹೋಯಿತು. ಅಭ್ಯಾಸ ಒಂದೇ ಸಾಲದು, ಅಲ್ವಾ?

ಹಾಗಾಗಿ ಕೇಳುತ್ತಿದ್ದೇನೆ: ಅಪ್ಪಳಿಸುವ ಮೊದಲೇ ನಿಜವಾದ ಮೊಳೆಯನ್ನು ಮೇಜಿನಿಂದ ಸರಿಸುವ ವಿಧಾನ ಯಾರಾದರೂ ಬಳಸಿದ್ದೀರಾ? ಒತ್ತಿದರೆ ಮಡಚಿಕೊಳ್ಳುವ ರಬ್ಬರ್ ಮೊಳೆ ಹತ್ತಿರದಿಂದ ನೋಡಿದಾಗ ಅಸಲಿಯಂತೆ ಕಾಣುತ್ತದಾ? ಪ್ರೇಕ್ಷಕರ ಕೈಯನ್ನಂತೂ ನಾನು ಬಳಸುವುದೇ ಇಲ್ಲ, ಆ ಸಲಹೆ ದಯವಿಟ್ಟು ಬೇಡ. ಇನ್ನೊಂದು, ಮಕ್ಕಳು ಮುಂದೆ ಕೂತಿದ್ದರೆ ಈ ಆಟ ಕೈಬಿಡುತ್ತೀರಾ? ಅನುಭವ ಇದ್ದವರು ಹೇಳಿ.