7 ವಾರದ ಮಗು, ಹಸಿರು ನೊರೆ ಕಕ್ಕ: ಲ್ಯಾಕ್ಟೋಸ್ ಆಗುತ್ತಿಲ್ಲವಾ, ಹಾಲೇ ಆಗುತ್ತಿಲ್ಲವಾ?

ಪುಟ್ಟಿಯಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ 7 ವಾರ. ಬರೀ ಎದೆಹಾಲು, ಬೇರೆ ಏನೂ ಕೊಟ್ಟಿಲ್ಲ. ಎರಡು ವಾರದಿಂದ ಸಂಜೆ ಆದರೆ ಸಾಕು, ಕಾಲು ಮಡಚಿ ಹೊಟ್ಟೆಗೆ ಒತ್ತಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಎರಡು ಮೂರು ಗಂಟೆ ಅಳುತ್ತಾಳೆ. ಎತ್ತಿಕೊಂಡು ಓಡಾಡಿದರೂ ಸುಮ್ಮನಾಗುವುದಿಲ್ಲ. ಕಕ್ಕ ಹಸಿರು, ನೊರೆ ನೊರೆ. ಮೂರು ದಿನದಿಂದ ಲೋಳೆ ಬೇರೆ, ಒರೆಸುವಾಗ ದಾರದ ಹಾಗೆ ಎಳೆಯಾಗಿ ಬರುತ್ತದೆ. ನಿನ್ನೆ ಆ ಲೋಳೆಯಲ್ಲಿ ಗುಂಡುಸೂಜಿ ತಲೆಯಷ್ಟು ಎರಡು ಕೆಂಪು ಚುಕ್ಕೆ ಕಂಡವು. ಕೆನ್ನೆ ಒರಟಾಗಿ ಕೆಂಪಾಗಿದೆ. ತೂಕ ಮಾತ್ರ ಏರುತ್ತಿದೆ, ಮೂರು ವಾರದಲ್ಲಿ 600 ಗ್ರಾಂ.

ಮನೆಗೆ ಬಂದವರೆಲ್ಲ ಲ್ಯಾಕ್ಟೋಸ್ ಆಗುತ್ತಿಲ್ಲ ಅಂದರು. ಲ್ಯಾಕ್ಟೋಸ್ ಜೀರ್ಣವಾಗಲು ಕೊಡುವ ಲ್ಯಾಕ್ಟೇಸ್ ಡ್ರಾಪ್ಸ್ 5 ದಿನ ಹಾಕಿದೆ, ಏನೂ ಬದಲಾಗಲಿಲ್ಲ. ಭಯಕ್ಕೆ ಮೊಸರು, ಮೊಟ್ಟೆ, ಗೋಧಿ, ಸೋಯಾ, ಕಡಲೆಬೀಜ ಎಲ್ಲ ಬಿಟ್ಟಿದ್ದೇನೆ, ಚಹಾಕ್ಕೆ ಮಾತ್ರ ಸ್ವಲ್ಪ ಹಾಲು. ಎದ್ದು ನಿಂತರೆ ತಲೆ ಸುತ್ತುತ್ತದೆ. ಎದೆಹಾಲು ನಿಲ್ಲಿಸಿ ಲ್ಯಾಕ್ಟೋಸ್ ಇಲ್ಲದ ಫಾರ್ಮುಲಾ ಕೊಡಲಾ? ಯಾರಾದರೂ ದಾರಿ ಹೇಳಿ.

ಇಬ್ಬರ ತಾಯಿ

ಮೊದಲು ಆ ಕೆಂಪು ಚುಕ್ಕೆ. ನಾಳೆ ಬೆಳಿಗ್ಗೆಯೇ ಮಕ್ಕಳ ಡಾಕ್ಟರಿಗೆ ತೋರಿಸಿ. ಆ ಡೈಪರ್ ಎಸೆಯಬೇಡಿ, ಇಲ್ಲವೇ ಒಳ್ಳೆ ಬೆಳಕಲ್ಲಿ ಫೋಟೋ ತೆಗೆದಿಡಿ. ಗುದದ ಹತ್ತಿರ ಸಣ್ಣ ಸೀಳಿದ್ದರೂ ರಕ್ತ ಬರುತ್ತದೆ, ನಿಮ್ಮ ಮೊಲೆತೊಟ್ಟು ಒಡೆದಿದ್ದು ಮಗು ಆ ರಕ್ತ ನುಂಗಿದ್ದರೂ ಕಾಣಬಹುದು, ಹಾಗಾಗಿ ಅವರು ನಿಮ್ಮಿಬ್ಬರನ್ನೂ ನೋಡಲಿ. ಇನ್ನು ಹಸಿರು ವಾಂತಿ, ಉಬ್ಬಿ ಗಟ್ಟಿಯಾದ ಹೊಟ್ಟೆ, ರಕ್ತ ಜಾಸ್ತಿ ಆಗುವುದು, 38 ಡಿಗ್ರಿ ಸೆಲ್ಸಿಯಸ್ ಜ್ವರ, ಎಬ್ಬಿಸಿದರೂ ಹಾಲು ಕುಡಿಯದಷ್ಟು ಮಂಕು, ಉಚ್ಚೆ ಕಡಿಮೆ ಆಗುವುದು, ಇದರಲ್ಲಿ ಒಂದು ಕಂಡರೂ ಬೆಳಿಗ್ಗೆಗೆ ಕಾಯಬೇಡಿ. ಮೈಮೇಲೆ ದದ್ದು ಎದ್ದು ಮುಖ ಊದಿಕೊಂಡರೆ, ಉಸಿರಾಟಕ್ಕೆ ಕಷ್ಟವಾದರೆ ಆ ಕ್ಷಣವೇ ಓಡಿ.

ಈಗ ಲ್ಯಾಕ್ಟೋಸ್ ವಿಷಯ. ಇಲ್ಲೇ ಎಲ್ಲರೂ ಎಡವುವುದು, ನಾನೂ ಮೊದಲ ಮಗುವಿನಲ್ಲಿ ಎಡವಿದ್ದೇನೆ. ಲ್ಯಾಕ್ಟೋಸ್ ಅಂದರೆ ಹಾಲಿನ ಸಕ್ಕರೆ. ಎದೆಹಾಲಿನಲ್ಲೇ ಅದು 100 ಮಿಲಿಗೆ ಸುಮಾರು 7 ಗ್ರಾಂ ಇರುತ್ತದೆ, ನೀವು ಏನು ತಿಂದರೂ ಬಿಟ್ಟರೂ ಅದು ಬದಲಾಗುವುದಿಲ್ಲ. ಹುಟ್ಟಿನಿಂದಲೇ ಅದು ಜೀರ್ಣವಾಗದ ಮಕ್ಕಳು ತೀರಾ ಅಪರೂಪ. ಅಂಥ ಮಗುವಿಗೆ ಮೊದಲ ದಿನಗಳಿಂದಲೇ ನೀರಿನಂಥ ಭೇದಿ, ತೂಕ ಏರುವುದೇ ಇಲ್ಲ. ನಿಮ್ಮ ಮಗಳ ತೂಕ ವಾರಕ್ಕೆ 200 ಗ್ರಾಂ ಏರಿದೆ ಅಲ್ವಾ, ಅದು ಚೆನ್ನಾಗಿದೆ. ಜೋರು ಭೇದಿ ಆದ ಮೇಲೆ ಕೆಲವು ವಾರ ಲ್ಯಾಕ್ಟೋಸ್ ತಡೆಯದೇ ಇರುವುದುಂಟು, ಕರುಳು ಸುಧಾರಿಸಿಕೊಂಡರೆ ಅದೂ ಹೋಗುತ್ತದೆ.

ಲೋಳೆ, ರಕ್ತದ ಎಳೆ, ಒರಟು ಚರ್ಮ ಮೂರೂ ಒಟ್ಟಿಗೆ ಬಂದರೆ ಅನುಮಾನ ಪಡಬೇಕಾದ್ದು ಹಸುವಿನ ಹಾಲಿನ ಪ್ರೋಟೀನ್ ಮೇಲೆ. ನೀವು ಕುಡಿದ ಹಾಲಿನ ಪ್ರೋಟೀನ್ ಸ್ವಲ್ಪ ಮಟ್ಟಿಗೆ ಎದೆಹಾಲಿಗೂ ಬರುತ್ತದೆ. ಲ್ಯಾಕ್ಟೋಸ್ ಇಲ್ಲದ ಸಾಮಾನ್ಯ ಫಾರ್ಮುಲಾದಲ್ಲಿ ಸಕ್ಕರೆ ಮಾತ್ರ ತೆಗೆದಿರುತ್ತಾರೆ, ಪ್ರೋಟೀನ್ ಹಾಗೇ ಇರುತ್ತದೆ. ಅದಕ್ಕೆ ಬದಲಾದರೆ ಎದೆಹಾಲೂ ಹೋಯಿತು, ತೊಂದರೆಯೂ ಉಳಿಯಿತು. ದಯವಿಟ್ಟು ನಿಲ್ಲಿಸಬೇಡಿ.

ಡಾಕ್ಟರ್ ಒಪ್ಪಿದರೆ ಹೀಗೆ ಮಾಡಿ. ಗೋಧಿ, ಮೊಟ್ಟೆ, ಕಡಲೆಬೀಜ, ಸೋಯಾ ಎಲ್ಲ ವಾಪಸ್ ತಿನ್ನಿ. ಐದು ವಸ್ತು ಒಟ್ಟಿಗೆ ಬಿಟ್ಟರೆ ಯಾವುದರಿಂದ ಗುಣವಾಯಿತು ಅಂತ ಗೊತ್ತಾಗುವುದೇ ಇಲ್ಲ, ಸುಮ್ನೆ ನೀವು ಸೊರಗುತ್ತೀರಿ. ಹಾಲಿನದು ಮಾತ್ರ ಪೂರ್ತಿ ಬಿಡಿ, 2ರಿಂದ 4 ವಾರ. ಪೂರ್ತಿ ಅಂದರೆ ಚಹಾದ ಎರಡು ಚಮಚವೂ ಇಲ್ಲ. ಪ್ಯಾಕೆಟ್ ಮೇಲೆ ಕೇಸಿನ್, ವೇ (ಎರಡೂ ಹಾಲಿನ ಪ್ರೋಟೀನೇ), ಹಾಲಿನ ಪುಡಿ ಅಂತ ಇದ್ದರೆ ಅದೂ ಇಲ್ಲ. ಬಿಸ್ಕತ್ತು, ಬ್ರೆಡ್ಡಿನಲ್ಲಿ ತುಂಬಾ ಸಲ ಇರುತ್ತದೆ. ಬಿಟ್ಟಷ್ಟು ದಿನ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ಬೇಕಾ ಕೇಳಿ. ಹಾಲುಣಿಸುವವರಿಗೆ ದಿನಕ್ಕೆ 1000 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಬೇಕು. ತಲೆ ಸುತ್ತುವುದನ್ನೂ ಮರೆಯದೆ ಹೇಳಿ.

ಆಮೇಲೆ ಮುಖ್ಯವಾದದ್ದು. ಕಡಿಮೆಯಾಯಿತು ಅಂತ ಅಲ್ಲಿಗೇ ಬಿಡಬೇಡಿ. ಡಾಕ್ಟರನ್ನು ಕೇಳಿ ಮತ್ತೆ ಹಾಲು ಶುರು ಮಾಡಿ ನೋಡಬೇಕು. ಈ ವಯಸ್ಸಿನಲ್ಲಿ ಮಕ್ಕಳು ತಾವಾಗಿಯೇ ಸುಧಾರಿಸುತ್ತಾರೆ, ನಾವು ಹಾಲು ಬಿಟ್ಟಿದ್ದಕ್ಕೆ ಅಂದುಕೊಳ್ಳುತ್ತೇವೆ. ಹಾಲು ಬಂದಾಗ ಲೋಳೆಯೂ ವಾಪಸ್ ಬಂದರೆ ಮಾತ್ರ ಖಾತ್ರಿ. ತಡವಾಗಿ ಕಾಣಿಸುವ ಈ ಬಗೆಗೆ ರಕ್ತಪರೀಕ್ಷೆ, ಚರ್ಮದ ಪರೀಕ್ಷೆಯಿಂದ ಉತ್ತರ ಸಿಗುವುದಿಲ್ಲ.

ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಮೂರು ಸಾಲು ಸಾಕು: ಎಷ್ಟು ಹೊತ್ತು ಅಳು, ಕಕ್ಕ ಹೇಗಿತ್ತು, ಚರ್ಮ ಹೇಗಿದೆ. ನಿದ್ದೆ ಇಲ್ಲದ ತಲೆಗೆ ಮೊನ್ನೆಯದು ನೆನಪಿರುವುದಿಲ್ಲ.

ಹೊಸ ಅಪ್ಪ

ನಮ್ಮ ಮಗನಿಗೂ ಹಸಿರು ನೊರೆ ಇತ್ತು, ಆದರೆ ರಕ್ತ ಇರಲಿಲ್ಲ. ನನ್ನ ಹೆಂಡತಿಗೆ ಹಾಲು ಜಾಸ್ತಿ, ಐದೈದು ನಿಮಿಷಕ್ಕೆ ಕಡೆ ಬದಲಿಸುತ್ತಿದ್ದಳು. ಒಂದು ಕಡೆ ಪೂರ್ತಿ ಕುಡಿಸಿ ಆಮೇಲೆ ಇನ್ನೊಂದು ಕಡೆ ಕೊಟ್ಟ ಮೇಲೆ ನಾಲ್ಕೈದು ದಿನದಲ್ಲಿ ಹಳದಿಗೆ ಬಂತು. ಹಸಿರು ಬಣ್ಣ ಒಂದೇ ಇದ್ದರೆ ಹೆದರುವ ಹಾಗಿಲ್ಲ ಅಂತ ನಮ್ಮ ಡಾಕ್ಟರ್ ಹೇಳಿದ್ದರು.

ಮಲ್ಲಿಗೆ

ಹಸುವಿನ ಹಾಲು ಆಗದಿದ್ದರೆ ಮೇಕೆ ಹಾಲು ಕುಡಿಯಬಹುದಲ್ವಾ?

ಇಬ್ಬರ ತಾಯಿ

ಬೇಡ ಮಲ್ಲಿಗೆ ಅವರೇ. ಎರಡರ ಪ್ರೋಟೀನೂ ಹೆಚ್ಚುಕಡಿಮೆ ಒಂದೇ ಥರ. ಹಸುವಿನದಕ್ಕೆ ಅಲರ್ಜಿ ಇರುವ ಬಹುತೇಕ ಮಕ್ಕಳಿಗೆ ಮೇಕೆಯದೂ ಆಗುವುದಿಲ್ಲ.

ಪುಟ್ಟಿಯಮ್ಮ (5 ವಾರದ ನಂತರ)

ಅಕ್ಕ, ಬರೆಯುವುದು ತಡವಾಯಿತು. ಡಾಕ್ಟರ್ ನೋಡಿದರು, ಸೀಳೇನೂ ಇರಲಿಲ್ಲ, ಹಾಲು ಬಿಟ್ಟು ನೋಡಿ ಅಂದರು. ನೋಟ್‌ಬುಕ್ ನೋಡಿಕೊಂಡೇ ಬರೆಯುತ್ತಿದ್ದೇನೆ. 6ನೇ ದಿನ ರಕ್ತ ನಿಂತಿತು. 11ನೇ ದಿನ ಲೋಳೆ ಇಲ್ಲ. ಕೆನ್ನೆ ಮೂರನೇ ವಾರದಲ್ಲಿ ನುಣುಪಾಯಿತು. ಆದರೆ ಅಳು? ಮೊದಲ ಎರಡು ವಾರ ಹಾಗೇ ಇತ್ತು, ಎರಡೂವರೆ ಗಂಟೆ, ಎರಡು ಮುಕ್ಕಾಲು ಗಂಟೆ.

4 ವಾರ ಆದ ಮೇಲೆ ಡಾಕ್ಟರ್ ಹೇಳಿದಂತೆ ಹಾಲು ಶುರು ಮಾಡಿದೆ. ಮೊದಲ ದಿನ ಅರ್ಧ ಲೋಟ, ಏನೂ ಇಲ್ಲ. ಎರಡನೇ ದಿನವೂ ಇಲ್ಲ. ಖುಷಿಯಾಗಿದ್ದೆ. ಮೂರನೇ ದಿನ ಮಧ್ಯಾಹ್ನ ಡೈಪರ್ ತೆಗೆದರೆ ಮತ್ತೆ ಅದೇ ದಾರದಂಥ ಲೋಳೆ, ಒಂದು ಕೆಂಪು ಎಳೆ. ಕೈ ನಡುಗಿತು. ಆದರೂ ಉತ್ತರ ಸಿಕ್ಕಿತು ಅನ್ನುವ ಸಮಾಧಾನವೂ ಆಯಿತು. ಆವತ್ತೇ ಹಾಲು ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿದೆ.

ಸಂಜೆ ಅಳು ಮಾತ್ರ ಹಾಲು ಶುರು ಮಾಡಿದಾಗ ಜಾಸ್ತಿ ಆಗಲಿಲ್ಲ. ಈಗ ಅರ್ಧ ಗಂಟೆಗೆ ಇಳಿದಿದೆ.

ಇಬ್ಬರ ತಾಯಿ

ಹಾಗಾದರೆ ಹೊಟ್ಟೆಯದು ಹಾಲಿನಿಂದ, ಅಳು ವಯಸ್ಸಿನದು. ಆ ಸಂಜೆ ಅಳು 6 ವಾರದ ಆಸುಪಾಸು ಜೋರಾಗಿದ್ದು 3-4 ತಿಂಗಳಿಗೆ ಇಳಿಯುತ್ತದೆ. ಎರಡನ್ನೂ ಒಂದೇ ಅಂದುಕೊಂಡಿದ್ದರೆ, ಅಳು ನಿಲ್ಲಲಿಲ್ಲ ಅಂತ ಎರಡನೇ ವಾರಕ್ಕೇ ಕೈಬಿಡುತ್ತಿದ್ದಿರಿ. ಬರೆದಿಟ್ಟು ಒಳ್ಳೆಯದು ಮಾಡಿದಿರಿ.

ಮೇಲೂಟ ಶುರು ಮಾಡುವಾಗ ಅವಳ ಆಹಾರದಲ್ಲೂ ಹಾಲಿನದು ಬೇಡ. 9-12 ತಿಂಗಳ ಹೊತ್ತಿಗೆ ಡಾಕ್ಟರೇ ಸ್ವಲ್ಪ ಸ್ವಲ್ಪ ಕೊಟ್ಟು ನೋಡಲು ಹೇಳುತ್ತಾರೆ, ಹೆಚ್ಚಾಗಿ ಬೇಯಿಸಿದ ತಿಂಡಿಯೊಳಗಿನ ಹಾಲಿನಿಂದ ಶುರು. ಇಂಥ ಅಲರ್ಜಿ ಬಹಳಷ್ಟು ಮಕ್ಕಳಿಗೆ ಮೂರು ವರ್ಷದೊಳಗೆ ಹೋಗುತ್ತದೆ. ತಲೆ ಸುತ್ತು ಈಗ ಹೇಗಿದೆ, ಅದನ್ನು ಬರೆಯಲೇ ಇಲ್ಲವಲ್ಲ?

ಪುಟ್ಟಿಯಮ್ಮ

ರಕ್ತ ಕಡಿಮೆ ಇತ್ತು ಅಕ್ಕ, ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಈಗ ಮೊಟ್ಟೆ, ಗೋಧಿ ಎಲ್ಲ ತಿನ್ನುತ್ತಿದ್ದೇನೆ, ತಲೆ ಸುತ್ತು ಹೋಗಿದೆ.