ಸಹಾಯ ಬೇಕು: ತುಮಕೂರಲ್ಲಿ ಬಿಡಿ ಪೀಸ್ ಪಿಜ್ಜಾ ಎಲ್ಲಿ ಸಿಗುತ್ತೆ?

ಎಲ್ಲರಿಗೂ ನಮಸ್ಕಾರ. ಎಸ್.ಎಸ್. ಪುರಂ, ಬಟವಾಡಿ, ಎಸ್‌ಐಟಿ ಕಾಲೇಜು ಸುತ್ತಮುತ್ತ ಪಿಜ್ಜಾ ಒಂದೊಂದೇ ಪೀಸ್ ಮಾರುವ ಸಣ್ಣ ಅಂಗಡಿ ಯಾರಿಗಾದರೂ ಗೊತ್ತಾ? ಅಮ್ಮನಿಗೆ ರುಚಿ ನೋಡುವ ಆಸೆ. ಇಡೀ ಪಿಜ್ಜಾ ನಮ್ಮಿಬ್ಬರಿಗೆ ಜಾಸ್ತಿ, ಸುಮ್ನೆ ಉಳಿದುಬಿಡುತ್ತೆ.

ನ್ಯೂಯಾರ್ಕ್ ಕಡೆ ಸಾಮಾನ್ಯವಾಗಿ 18 ಇಂಚಿನ ಪಿಜ್ಜಾ ಮಾಡಿ 8 ಪೀಸ್ ಕತ್ತರಿಸಿ ಇಟ್ಟಿರುತ್ತಾರಂತೆ. ಕೇಳಿದಾಗ ಒಂದನ್ನು ಮತ್ತೆ ಓವನ್‌ಗೆ ಇಟ್ಟು ಕೊಡುತ್ತಾರೆ. ತಳ ಗರಿಗರಿಯಾಗಿರುತ್ತೆ. ಮಧ್ಯಕ್ಕೆ ಮಡಚಿ ನಿಂತೇ ತಿನ್ನುತ್ತಾರೆ, ಅಲ್ವಾ? ಅಂಥದ್ದೇ ಬೇಕು.

ಇಲ್ಲಿ ಒಂದು ಕಡೆ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ಕೊಟ್ಟರು. ತಳ ರಬ್ಬರ್ ಥರ ಆಗಿತ್ತು, ಅಮ್ಮನಿಗೆ ಅಗಿಯೋಕೇ ಆಗಲಿಲ್ಲ, ತುಂಬಾ ಬೇಜಾರಾಯಿತು. ಓವನ್ ಇಲ್ಲದಿದ್ದರೂ ಪರವಾಗಿಲ್ಲ, ಕಾದ ಹೆಂಚಿನ ಮೇಲಾದರೂ ಬಿಸಿ ಮಾಡಬೇಕು.

ಇನ್ನೊಂದು ಮುಖ್ಯ ವಿಷಯ. ಅಮ್ಮ ಪೂರ್ತಿ ಸಸ್ಯಾಹಾರಿ. ಕೆಲವು ಚೀಸ್‌ಗಳಲ್ಲಿ ಹಾಲು ಒಡೆಯೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಹಾಗಾಗಿ ಹಸಿರು ಚುಕ್ಕಿ ಇರುವ ಚೀಸ್ ಪ್ಯಾಕೆಟ್ ತೋರಿಸಿ ಅಂದರೆ ಬೇಸರ ಮಾಡಿಕೊಳ್ಳದ ಅಂಗಡಿಯವರು ಬೇಕು. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತೋಕಾಗಲ್ಲ. ಕೂರೋಕೆ ಒಂದು ಕುರ್ಚಿ ಇದ್ದರೆ ಸಾಕು.

ಪೀಸ್‌ಗೆ ಎಷ್ಟು, ಸಂಜೆ ಎಷ್ಟೊತ್ತಿಗೆ ತೆಗೆಯುತ್ತಾರೆ, ದಯವಿಟ್ಟು ತಿಳಿಸಿ. ಈ ಭಾನುವಾರವೇ ಕರೆದುಕೊಂಡು ಹೋಗಬೇಕು ಅಂತಿದ್ದೀನಿ.